ಟ್ರಾನ್ಸ್‌ಫರ್ ಕುಮಾರ

ಇವನನ್ನು ಗುರುತಿಸುವುದು ಸುಲಭ. ಓದುತ್ತಿರುವುದು ಓಹಾಯೋದ ಒಂದು ಕಾಲೇಜಿನಲ್ಲಿ, ಮೈಮೇಲಿನ ಸ್ವೆಟ್‌ಶರ್ಟ್ ಮಾತ್ರ ಯೇಲ್‌ನದು. ಬಂದು ಎರಡು ತಿಂಗಳಾಗಿಲ್ಲ, ಲೈಬ್ರರಿ ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲ. ಆದರೆ ಯಾವ ವಿಶ್ವವಿದ್ಯಾಲಯ ಹೊರದೇಶದವರಿಗೆ ‘ನೀಡ್-ಬ್ಲೈಂಡ್’, ಯಾವುದು ‘ನೀಡ್-ಅವೇರ್’ ಎಂದು ನಡುರಾತ್ರಿ ಎಬ್ಬಿಸಿ ಕೇಳಿ, ಹೇಳುತ್ತಾನೆ. ಮೊದಲ ಜಾತಿಯವರು ಜೇಬು ನೋಡದೆ ಸೀಟು ಕೊಡುವವರು, ಎರಡನೆಯವರು ಜೇಬು ತಡಕಿ ಕೊಡುವವರು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮುಂತಾದವು ಮೊದಲ ಜಾತಿ. 2022ರಲ್ಲಿ ಡಾರ್ಟ್‌ಮತ್ತೂ ಸೇರಿತು.

ಈ ಔದಾರ್ಯವೆಲ್ಲ ಮುಖ್ಯವಾಗಿ ಮೊದಲ ವರ್ಷಕ್ಕೆ ಸೇರುವವರಿಗೆ. ಬೇರೆ ಕಾಲೇಜಿನಿಂದ ನಡುವೆ ಹಾರಿ ಬರುವವರ ಲೆಕ್ಕವೇ ಬೇರೆ, ಎಷ್ಟೋ ಕಡೆ ಹೊರದೇಶದ ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಚಿಕ್ಕಾಸೂ ಇಲ್ಲ. ಹಾರ್ವರ್ಡ್ ಸಾವಿರಕ್ಕೂ ಮಿಕ್ಕಿದ ಟ್ರಾನ್ಸ್‌ಫರ್ ಅರ್ಜಿಗಳಲ್ಲಿ ವರ್ಷಕ್ಕೆ ಆರಿಸುವುದು ಹನ್ನೆರಡರ ಆಸುಪಾಸು ಎಂದು ತಿಳಿಹೇಳಿದರೆ, “ಹನ್ನೆರಡು ಜನಾನ ತಗೋತಾರಾ!” ಎಂದು ಹಿಗ್ಗುತ್ತಾನೆ.

ಕುಮಾರನ ಅಪ್ಪಯ್ಯನಿಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಊರಿಂದ ಹೊರಡುವ ಮೊದಲು, ವೀಸಾಕ್ಕೆ ಬೇಕಾದ ಐ-20 ಪತ್ರ ಕೈಗೆ ಬರಬೇಕಾದರೆ, ಮೊದಲ ವರ್ಷದ ಖರ್ಚಿಗೆ ಸಾಕಾಗುವಷ್ಟು ದುಡ್ಡಿದೆ ಎಂದು ತೋರಿಸಬೇಕಿತ್ತು. ಶಿವಮೊಗ್ಗದ ಸಿಎ ಹತ್ತಿರ ಹೋಗಿ ನೆಟ್‌ವರ್ತ್ ಸರ್ಟಿಫಿಕೇಟ್ ಬರೆಸಿದರು. ತೋಟ, ಗದ್ದೆ, ಮನೆ, ಅಮ್ಮನ ಅವಲಕ್ಕಿ ಸರ, ಎಲ್ಲ ಸೇರಿ ಅಪ್ಪಯ್ಯ ಕೋಟ್ಯಧಿಪತಿ. ಓದಿ ಸ್ವತಃ ಅವರೇ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಚೆನ್ನೈ ಕಾನ್ಸುಲೇಟಿನಲ್ಲಿ ವೀಸಾ ಆಯಿತು.

ಈಗ ಅದೇ ಅಪ್ಪಯ್ಯ ಬಡವರಾಗಬೇಕು. ಅಮೆರಿಕದ ಸರ್ಕಾರಿ ನೆರವಂತೂ ನಮ್ಮ ಹುಡುಗರಿಗಿಲ್ಲ, ಕಾಲೇಜು ತನ್ನ ಗಂಟಿನಿಂದಲೇ ಕೊಡಬೇಕು. ಅದಕ್ಕೆ ಸಿಎಸ್ಎಸ್ ಪ್ರೊಫೈಲ್ ಎಂಬ ಫಾರಂ ತುಂಬಬೇಕು. ಮತ್ತೆ ಅದೇ ಸಿಎ. ತೋಟಕ್ಕೆ ಕೊಳೆರೋಗ, ಎಲೆಚುಕ್ಕಿ ರೋಗ, ಕೂಲಿಯಾಳು ಸಿಗುವುದಿಲ್ಲ, ಸೊಸೈಟಿ ಸಾಲ ಬಾಕಿ. ಎರಡು ಕಾಗದದಲ್ಲೂ ಒಂದಕ್ಷರ ಸುಳ್ಳಿಲ್ಲ ಎನ್ನುವುದೇ ಸೊಗಸು. ಮಲೆನಾಡಿನ ಮಾತೇ ಅಷ್ಟು, ತೋಟ ಕೋಟಿಗೆ ಬಾಳುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಇದನ್ನು ಡಾಲರಿನಲ್ಲಿ ವಿವರಿಸುವ ಪಾಡು ಕುಮಾರನದು.

ವಾಟ್ಸಾಪ್ ಕರೆಯಲ್ಲಿ ಕೇಳುತ್ತಾನೆ: “ಅಪ್ಪಯ್ಯ, ನಮ್ಮನೆ ತಗೊಂಡಿದ್ದು ಯಾವ ವರ್ಷ?”

“ತಗೊಂಡಿದ್ದು ಯಾರೋ? ಮುತ್ತಜ್ಜ ಕಟ್ಟಿಸಿದ್ದು ಮಾರಾಯ.”

“ಈಗ ಮಾರಿದ್ರೆ ಎಷ್ಟು ಬರಬಹುದು?”

ಆ ಕಡೆ ಸದ್ದಿಲ್ಲ. ಆಮೇಲೆ ಮೆಲ್ಲಗೆ: “ಅಲ್ಲಿ ಯಾರಿಗಾದ್ರೂ ದುಡ್ಡು ಕೊಡೋದಿದ್ಯನಾ?”

ಪಹಣಿ ಬೇರೆ ಇಂಗ್ಲಿಷಿಗೆ ಆಗಬೇಕು. ಎಕರೆ ಹೇಗೋ ದಾಟುತ್ತದೆ, ಗುಂಟೆ ಅಂದರೇನು ಎಂದು ಮ್ಯಾಸಚೂಸೆಟ್ಸ್‌ನಿಂದ ಇಮೇಲ್ ಬರುತ್ತದೆ.

ಇನ್ನು ಶಿಫಾರಸು ಪತ್ರ. ಬಿಟ್ಟು ಹೋಗಲು ಹೊರಟ ಕಾಲೇಜಿನ ಪ್ರೊಫೆಸರರೇ ಬರೆಯಬೇಕು. ಅದುವರೆಗೆ ಕೊನೆಯ ಬೆಂಚಿನಲ್ಲಿದ್ದ ಕುಮಾರ ಜನವರಿಯಿಂದ ಮುಂದಿನ ಸಾಲಿಗೆ ಬಂದು ತಲೆಯಾಡಿಸತೊಡಗುತ್ತಾನೆ. ಇಷ್ಟು ಆಸಕ್ತಿಯ ಹುಡುಗನನ್ನು ಕಂಡು ಹಿಗ್ಗಿದ ಅವರು, ಬೇಸಿಗೆಗೆ ತಮ್ಮ ಲ್ಯಾಬಿಗೇ ಬಾ ಎನ್ನುತ್ತಾರೆ. ಹಾಗೆ ಕರೆದವರ ಮುಂದೆಯೇ ಫಾರಂ ಹಿಡಿಯಬೇಕಲ್ಲ! ‘ಈ ಕಾಲೇಜನ್ನು ಯಾಕೆ ಬಿಡುತ್ತಿದ್ದೀರಿ’ ಎಂಬ ಪ್ರಬಂಧವನ್ನಂತೂ, ಉಪ್ಪಿಟ್ಟು ತಿಂದು ಹೆಣ್ಣು ಬೇಡವೆಂದವರು ಉಪ್ಪಿಟ್ಟನ್ನು ಹೊಗಳುವ ಹಾಗೆ ಬರೆಯುತ್ತಾನೆ.

ಮೇ ತಿಂಗಳಲ್ಲಿ ಉತ್ತರಗಳು ಬರುತ್ತವೆ. ಹೆಚ್ಚಿನವು ‘ಇಲ್ಲ’. ಒಂದು ಕಡೆ ಸೀಟಿದೆ, ನೆರವಿಲ್ಲ, ಅರ್ಧ ಕ್ರೆಡಿಟ್ ಒಪ್ಪುವುದಿಲ್ಲ, ಕ್ಯಾಲ್ಕ್ಯುಲಸ್ ಮತ್ತೆ ಓದಬೇಕು. ಕುಮಾರ ಓಹಾಯೋದಲ್ಲೇ ಉಳಿಯುತ್ತಾನೆ. ಉಳಿದವನು ಸುಮ್ಮನಿರುವ ಪೈಕಿಯೇ? ಈಗ ಅವನೇ ಊರಿನ ಹುಡುಗರಿಗೆಲ್ಲ ಗುರು. ಮೊನ್ನೆ ದಾವಣಗೆರೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಜಿಪಿಎ ಎಷ್ಟು, ಯಾವ ವಿಷಯ ಎಂದು ಇವನು ಕೇಳಲೇ ಇಲ್ಲ.

“ಮೊದ್ಲು ಹೇಳು, ನಿಮ್ಮ ತಂದೆ ಏನ್ಮಾಡ್ತಾರೆ?”

“ಸಿಎ ಅಣ್ಣ.”

“ಅಯ್ಯೋ ಪುಣ್ಯಾತ್ಮ! ಮತ್ತೆ ನಂಗ್ಯಾಕೆ ಫೋನ್ ಮಾಡ್ದೆ?”