ಕೂತವನ ಕಷ್ಟ

ನಮ್ಮ ಮನೆಯಲ್ಲಿ ಕೂತಿರುವವನಿಗೆ ಕೆಲಸವಿಲ್ಲ ಎಂದು ಲೆಕ್ಕ. ಆಫೀಸಿನಲ್ಲಿ ಕೂತಿದ್ದು ಕಾಣದವನಿಗೆ ಕೆಲಸವಿಲ್ಲ ಎಂದು ಲೆಕ್ಕ. ಕೂತು ದುಡಿಯುವುದನ್ನೇ ಕಸುಬು ಮಾಡಿಕೊಂಡ ನಾನು ವಾರಕ್ಕೆ ಮೂರು ದಿನ ಆ ಕಾನೂನಿಗೂ ಎರಡು ದಿನ ಈ ಕಾನೂನಿಗೂ ತಲೆಬಾಗಿ ಬದುಕುತ್ತಿದ್ದೇನೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಎಲ್ಲರನ್ನೂ ಮನೆಯೊಳಗೆ ಕೂರಿಸಿದಾಗ, ಹೊರಗೆ ಗಾಬರಿಯ ಮುಖ ಮಾಡಿದ್ದರೂ ಒಳಗೊಳಗೇ ಒಂದು ಖುಷಿಯಿತ್ತು. ಬನಶಂಕರಿಯಿಂದ ಬೆಳ್ಳಂದೂರಿಗೆ ದಿನಾ ಓಡಾಡಿದವರಿಗೆ ಅದು ಅರ್ಥವಾದೀತು. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ನಿಂತಿತೆಂದರೆ, ಹಿಂದಿನ ಸೀಟಿನವರು ಫೋನಿನಲ್ಲಿ ಮಗಳ ಜಾತಕ ಕೂಡಿಸಲು ಶುರುಮಾಡಿ ಛತ್ರ ಗೊತ್ತುಮಾಡುವವರೆಗೂ ಕೇಳಿಸಿಕೊಳ್ಳಬಹುದಿತ್ತು. ಇನ್ನು ಮುಂದೆ ಮಲಗುವ ಕೋಣೆಯಿಂದ ಊಟದ ಮೇಜಿಗೆ ನಡೆದರೆ ಆಫೀಸು ಬಂತು!

ಮಗ ಮನೆಯಲ್ಲೇ ಇದ್ದಾನೆಂದು ಅಮ್ಮ ಮೊದಲ ವಾರ ಚಕ್ಕುಲಿ ಕರಿದಳು. ಎರಡನೇ ವಾರ ಅವಳಿಗೆ ಅನುಮಾನ ಶುರುವಾಯಿತು. ಬೆಳಗಿನಿಂದ ಸಂಜೆತನಕ ಕುರ್ಚಿ ಬಿಟ್ಟೇಳದ ಗಂಡಸು. ಕೈಯಲ್ಲಿ ಪೆನ್ನಿಲ್ಲ, ಮುಂದೆ ಫೈಲಿಲ್ಲ. “ಹೇಗೂ ಕೂತೇ ಇದ್ದೀಯಲ್ಲೋ, ಗ್ಯಾಸಿನವನು ಬಂದ್ರೆ ಬಾಗಿಲು ತೆಗಿ” ಎಂದು ಆರಂಭವಾದದ್ದು ಹಾಲು ಉಕ್ಕದಂತೆ ಕಾಯುವುದು, ಮೋಟರು ಆರಿಸುವುದು, ಸೊಪ್ಪು ಸೋಸುವುದರವರೆಗೆ ಬೆಳೆಯಿತು. ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿ ಅಡಗಿದೆ ಎಂದು ಯೋಚಿಸುತ್ತ ನಾನು ಮೇಲೆ ನೋಡುತ್ತಿದ್ದರೆ, ಅವಳೂ ತಲೆಯೆತ್ತಿ ನೋಡಿ, “ಹೌದು, ಜೇಡ ಬಲೆ ಕಟ್ಟಿದೆ. ಪೊರಕೆ ಕೊಡ್ಲಾ?” ಎನ್ನುತ್ತಿದ್ದಳು.

ಬೇಗನೇ ಒಂದು ಸತ್ಯ ಹೊಳೆಯಿತು. ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿರುವಷ್ಟು ಹೊತ್ತು ಮನೆ ನನ್ನನ್ನು ಉದ್ಯೋಗಸ್ಥನೆಂದು ಒಪ್ಪುತ್ತದೆ. ಮಿಕ್ಸಿ ನಿಲ್ಲುತ್ತದೆ, ಮಗ ತುದಿಗಾಲಲ್ಲಿ ನಡೆಯುತ್ತಾನೆ, ಹೆಂಡತಿ ಕಾಫಿ ಬೇಕಾ ಎಂದು ಸನ್ನೆಯಲ್ಲೇ ಕೇಳುತ್ತಾಳೆ. ಮೀಟಿಂಗ್ ಮುಗಿದು ನಿಜವಾದ ಕೆಲಸಕ್ಕೆ ಕೈಹಚ್ಚಿದೊಡನೆ, “ರೀ, ಫ್ರೀ ಆದ್ರಾ?” ಆಮೇಲಾಮೇಲೆ ಕಷ್ಟದ ಕೆಲಸವಿದ್ದಾಗಲೆಲ್ಲ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ ಆಗಾಗ “ಯೆಸ್, ಯೆಸ್, ಅಬ್ಸಲ್ಯೂಟ್ಲಿ” ಎನ್ನುವುದನ್ನು ರೂಢಿಸಿಕೊಂಡೆ.

ಹಾಗೆ ನೋಡಿದರೆ ಮನೆಯಿಂದ ಕೆಲಸ ಮಾಡುವುದು ನಮ್ಮವರಿಗೆ ಹೊಸದೇನಲ್ಲ. ಅಮ್ಮನ ಅಪ್ಪ ಶಾನುಭೋಗರು. 1961ರ ಕಾನೂನು ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡುವವರೆಗೆ ಊರಿನ ಖಾತೆ, ಕಂದಾಯದ ಲೆಕ್ಕವೆಲ್ಲ ಅವರ ಮನೆಯ ಜಗುಲಿಯಲ್ಲೇ. ಹಾಸಿದ ಚಾಪೆ, ಗಿಡ್ಡ ಮೇಜು, ಬಟ್ಟೆಯಲ್ಲಿ ಕಟ್ಟಿದ ದಫ್ತರ. ಅಜ್ಜಿ ಅವರಿಗೆ ಎಂದಾದರೂ ಸೊಪ್ಪು ಸೋಸಲು ಹೇಳಿದ್ದುಂಟೇ ಎಂದು ಅಮ್ಮನನ್ನೇ ಕೇಳಿದೆ.

“ಅಪ್ಪನ ಎದುರಿಗೆ ಹತ್ತು ಜನ ಕಾಯ್ತಾ ಕೂತಿರೋರು. ನಿನ್ನ ಎದುರಿಗೆ ಯಾರಿದ್ದಾರೋ?”

“ಅಮೆರಿಕದಲ್ಲಿ ನಾಲ್ಕು ಜನ ಕಾಯ್ತಿದ್ದಾರಮ್ಮ.”

“ಕಾಣಲ್ವಲ್ಲ” ಎಂದಳು.

ಆಫೀಸು ನಡೆಯುವುದೂ ಅಮ್ಮನ ಈ ಸಿದ್ಧಾಂತದ ಮೇಲೆಯೇ. ಅಲ್ಲಿಗೆ ಹೋದರೆ ಲಾಭಗಳಿವೆ, ಇಲ್ಲವೆನ್ನಲಾರೆ. ಬೆಳಗೆಲ್ಲ ಮೆಸೇಜು ಕಳಿಸಿ ಬಿಡಿಸಲಾಗದ ಗಂಟನ್ನು ಪಕ್ಕದ ಕುರ್ಚಿಯವನು ಕಾಫಿ ಹೀರುತ್ತಲೇ ಬಿಡಿಸುತ್ತಾನೆ. ಕರೆಂಟು ಹೋದರೂ ಗೊತ್ತಾಗುವುದಿಲ್ಲ. ಗ್ಯಾಸಿನವನು ಬರುವುದಿಲ್ಲ. ಕಾಫಿ ಯಂತ್ರದ ಮುಂದೆ ಮ್ಯಾನೇಜರ ಜೊತೆ ಕ್ರಿಕೆಟ್ಟು ಹರಟಿದ್ದೂ ಅಲ್ಲಿ ಕೆಲಸದ ಲೆಕ್ಕಕ್ಕೇ ಬೀಳುತ್ತದೆ. ಮಿಕ್ಕಂತೆ, ಗಂಟೆಗಟ್ಟಲೆ ಪಯಣಿಸಿ ಅಲ್ಲಿಗೆ ತಲುಪಿ, ಹೆಡ್‌ಫೋನ್ ಹಾಕಿಕೊಂಡು, ಮನೆಯಿಂದ ಸೇರುತ್ತಿದ್ದ ವಿಡಿಯೊ ಕಾಲಿಗೇ ಸೇರುತ್ತೇವೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರು ಮುಳುಗಿದಾಗ ನಮ್ಮ ಕಸುಬಿನವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೊರಟ ಚಿತ್ರಗಳು ಲೋಕವೆಲ್ಲ ತಿರುಗಿದವು. ಅವರ ಆಫೀಸು ಅವರ ಬೆನ್ನ ಮೇಲಿನ ಚೀಲದಲ್ಲೇ ಇತ್ತು. ಆದರೂ ಹೋದರು. ಮುಖ ಕಾಣಬೇಕಲ್ಲ!

ಶಾಂಘೈನಲ್ಲೂ ಇದೇ ಕಥೆ. ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನವರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ 2010–11ರಲ್ಲಿ ಒಂಬತ್ತು ತಿಂಗಳು ಮನೆಯಿಂದ ದುಡಿಸಿ ನೋಡಿದರು. ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಮನೆಯವರ ಕೆಲಸ ಶೇ 13ರಷ್ಟು ಏರಿತ್ತು. ಬಡ್ತಿ ಮಾತ್ರ, ಅಷ್ಟೇ ಕೆಲಸ ಮಾಡಿದ ಆಫೀಸಿನವರಿಗಿಂತ ಕಡಿಮೆ ಸಿಕ್ಕಿತ್ತು. ಕಾಣಲ್ವಲ್ಲ! ಕೊನೆಗೆ ಇಷ್ಟಬಂದಲ್ಲಿ ಕೂತುಕೊಳ್ಳಿ ಎಂದಾಗ ಮನೆಯಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ಆಫೀಸಿಗೆ ಹಿಂತಿರುಗಿದರು, ಒಂಟಿತನ ಕಾಡಿತಂತೆ. ಆ ಪ್ರಯೋಗಕ್ಕೆ ಸೇರಲು ಮನೆಯಲ್ಲಿ ಸ್ವಂತ ಕೋಣೆ ಇರಬೇಕಿತ್ತು ಎಂದು ಓದಿದ ಮೇಲೆ ನನಗೆ ವಿಷಯ ತಿಳಿಯಿತು. ನನ್ನ ಕೋಣೆಯೆಂದರೆ ಊಟದ ಮೇಜಿನ ದಕ್ಷಿಣ ಭಾಗ. ಒಂಟಿತನಕ್ಕೆ ಅಲ್ಲಿ ಜಾಗವೆಲ್ಲಿ?

ಅದರಲ್ಲೂ ಮಾಗಿ ಬಂತೆಂದರೆ ಆ ಭಾಗವೂ ಅವರೆಕಾಯಿಯ ಪಾಲು. ಹಿತಕಿದ ಬೇಳೆ ಸಾರು ತಿನ್ನುವವರಿಗೆಲ್ಲ ಅದರ ಹಿಂದಿನ ಶ್ರಮ ಗೊತ್ತಿರುವುದಿಲ್ಲ. ಸುಲಿದ ಕಾಳನ್ನು ನೆನೆಹಾಕಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಈ ಚಳಿಗಾಲ ಅಮ್ಮ ಒಂದು ಪಾತ್ರೆ ಕಾಳನ್ನು ನನ್ನ ತೊಡೆಯ ಮೇಲಿಟ್ಟಾಗ, ಮೀಟಿಂಗ್ ಇದೆಯೆಂದು ಗೋಗರೆದೆ. “ಮಾತಾಡೋದು ಬಾಯಲ್ಲಿ ತಾನೇ?” ಎಂದಳು. ಉತ್ತರವಿರಲಿಲ್ಲ. ಕ್ಯಾಮೆರಾಕ್ಕೆ ನಾನು ಎದೆಯಿಂದ ಮೇಲಕ್ಕೆ ಮಾತ್ರ ಉದ್ಯೋಗಿ. ಕೆಳಗೆ ಏನು ನಡೆಯುತ್ತಿದೆ ಎಂದು ಯಾರೂ ಕೇಳುವುದಿಲ್ಲ. ತಲೆ ತಗ್ಗಿಸಿ ಹಿತುಕುತ್ತ ಹೋದೆ. ಮಧ್ಯೆ ಒಂದು ಬೇಳೆ ಚಿಮ್ಮಿ ಕೀಬೋರ್ಡಿನ ಮೇಲೆ ಬಿತ್ತು. ಅದನ್ನು ತೆಗೆಯಲು ಹೋಗಿ ಇಡೀ ತಂಡಕ್ಕೆ ಹೆಬ್ಬೆರಳೆತ್ತಿದ ಚಿತ್ರವೊಂದು ರವಾನೆಯಾಯಿತು.

ಮೀಟಿಂಗಿನ ಕೊನೆಗೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ಇಡೀ ಹೊತ್ತು ತಲೆಯೆತ್ತದೆ ಕೈಯಾರೆ ಟಿಪ್ಪಣಿ ಬರೆದುಕೊಂಡವನು ನಾನೊಬ್ಬನೇ. ಶ್ರದ್ಧೆ ಎಂದರೆ ಹೀಗಿರಬೇಕು. ಎಲ್ಲರೂ ನೋಡಿ ಕಲಿಯಿರಿ ಎಂದರು. ನಾನು ವಿನಯದಿಂದ ಮತ್ತಷ್ಟು ತಲೆ ತಗ್ಗಿಸಿ ಎರಡು ಕಾಳು ಹಿತುಕಿದೆ.

ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಅಮ್ಮ ಬಂದು ಪಾತ್ರೆ ನೋಡಿದಳು. ಬೇಳೆ ತುಂಬಿತ್ತು. ನನ್ನ ಉದ್ಯೋಗದ ಬಗ್ಗೆ ಅವಳ ಮುಖದಲ್ಲಿ ಮೊದಲ ಬಾರಿಗೆ ಗೌರವ ಮೂಡಿತು.

“ನಾಳೆ ಎಷ್ಟು ಮೀಟಿಂಗಿದೆಯೋ? ಅದನ್ನ ನೋಡ್ಕೊಂಡು ಕಾಳು ನೆನೆಹಾಕ್ತೀನಿ.”