ಜೋಡೆತ್ತಿನ ಕಂಪ್ಯೂಟರ್

ಗುತ್ತಲದಲ್ಲಿ ಯಾರಾದರೂ ‘ಅವರ ಮನ್ಯಾಗ ಎರಡು ಕಾರ್ಡ್ ಅದಾವು’ ಅಂದರೆ ಕೇಳಿದವರು ದನಿ ತಗ್ಗಿಸುತ್ತಾರೆ. ಆಹಾರ ಇಲಾಖೆಗೆ ಸುದ್ದಿ ಮುಟ್ಟಿದರೆ ಒಂದು ರದ್ದಾದೀತು ಎಂಬ ಕಾಳಜಿ. ನಮ್ಮ ಮಿಕ್ಸಿಂಗ್ ಅಣ್ಣ ಮಾತ್ರ ಈ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ. ಅವನವು ರೇಷನ್ ಕಾರ್ಡುಗಳಲ್ಲ, ಗ್ರಾಫಿಕ್ಸ್ ಕಾರ್ಡುಗಳು.

ಮದುವೆ, ಕುಬಸ, ಮನೆ ಶಾಂತಿಗಳ ವಿಡಿಯೊ ಮಿಕ್ಸಿಂಗ್ ಅವನ ಕಸುಬು. ಕುಡುಗೋಲು ಮಸೆಯುವಷ್ಟರಲ್ಲಿ ಸುಗ್ಗಿ ಕಳೆಯುವವನು, ಬೈಕ್ ಒರೆಸುತ್ತಾ ಕೂತು ಕಡೆಗೆ ನಡೆದುಕೊಂಡೇ ಹೋಗುವವನು ಎಲ್ಲ ಊರಲ್ಲೂ ಒಬ್ಬೊಬ್ಬ ಇರುತ್ತಾನೆ. ನಮ್ಮಣ್ಣ ಕಂಪ್ಯೂಟರ್ ತಣ್ಣಗೆ ಮಾಡುವವನು. ಅದೊಂದು ಸಲ ಪೂರ್ತಿ ತಣ್ಣಗಾಗಲಿ, ಆಮೇಲೆ ಕೆಲಸ ಶುರು ಮಾಡಿದರಾಯಿತು ಎಂಬುದು ಅವನ ಲೆಕ್ಕ.

ಕಾರ್ಡುಗಳ ವಂಶಾವಳಿ ದೊಡ್ಡದು. ಗುತ್ತವೊಳಲಿನಿಂದ, ಅಂದರೆ ಇದೇ ಗುತ್ತಲದಿಂದ, ಆಳಿದ ಗುತ್ತರಸರು ತಮ್ಮ ಮೂಲವನ್ನು ಉಜ್ಜಯಿನಿಯ ಚಂದ್ರಗುಪ್ತನವರೆಗೆ ಒಯ್ದರು. ಇವನು ತನ್ನ ಕಾರ್ಡುಗಳ ಮೂಲವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳವರೆಗೆ ಒಯ್ಯುತ್ತಾನೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ಪದ್ಧತಿ ಬದಲಿಸಿತು. ಆ ನಾಣ್ಯ ಹುಟ್ಟಿಸಲು ಹಗಲೂ ರಾತ್ರಿ ದುಡಿಯುತ್ತಿದ್ದ ಗ್ರಾಫಿಕ್ಸ್ ಕಾರ್ಡುಗಳು ಜಗತ್ತಿನಾದ್ಯಂತ ಒಂದೇ ದಿನ ನಿರುದ್ಯೋಗಿಗಳಾದವು, ಹಳೇ ಮಾಲಿನ ಬೆಲೆ ಇಳಿಯಿತು. ಅಣ್ಣ ರಾತ್ರಿ ಬಸ್ಸು ಹತ್ತಿದ. ದನದ ಸಂತೆಯಲ್ಲಿ ಹಲ್ಲು ಹಿಡಿದು ನೋಡುವವರ ಹಾಗೆ ಬೆರಳಲ್ಲಿ ಫ್ಯಾನು ತಿರುಗಿಸಿ, ಮೂಸಿ ನೋಡಿ, ಎರಡು ಜಿಟಿಎಕ್ಸ್ 1080 ಟಿಐ ಹಿಡಿದುಕೊಂಡು ಬಂದ.

‘ಒಂದ ಸಾಕಾಗತಿತ್ತಲ್ಲೋ ಅಣ್ಣಾ?’ ಅಂದೆ.

‘ಒಂದ ಎತ್ತು ಕಟ್ಟಿ ಗಳೆ ಹೊಡಿಯಾಕ ಬರತೈತೇನು? ಜೋಡಿ ಬೇಕು’ ಅಂದ.

ಇಂಥ ಒಂದು ಕಾರ್ಡು ಮೈಮುರಿದು ದುಡಿಯುವಾಗ 250 ವ್ಯಾಟ್ ತಿನ್ನುತ್ತದೆ. ಎತ್ತು ತಿಂದ ಮೇವಿನಲ್ಲಿ ಒಂದಿಷ್ಟು ಗಳೆಗೆ, ಒಂದಿಷ್ಟು ತಿಪ್ಪೆಗೆ. ಕಂಪ್ಯೂಟರು ತಿಂದ ಕರೆಂಟು ಮಾತ್ರ ಕೊನೆಗೆ ಅಷ್ಟೂ ಬಿಸಿಯಾಗಿ ಕೋಣೆಯಲ್ಲೇ ಉಳಿಯುತ್ತದೆ. ಏಪ್ರಿಲ್ ತಿಂಗಳು ಬೇರೆ. ಮಷಿನ್ನು ಶುರುವಾದರೆ ಫ್ಯಾನುಗಳ ಸದ್ದು ಓಣಿಯ ಕೊನೆಯವರೆಗೆ ಕೇಳುತ್ತಿತ್ತು. ಒಂದು ದಿನ ಪಕ್ಕದ ಮನೆಯ ಅಜ್ಜಿ ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಂತಳು: ‘ಗಿರಣಿ ಯಾವಾಗ ಹಾಕಿದ್ಯೋ ತಮ್ಮಾ? ಸಣ್ಣಗ ಬೀಸಿಕೊಡು.’

ಅಲ್ಲಿಂದ ಅಣ್ಣನ ಹೋರಾಟ ಆರಂಭವಾಯಿತು. ಮೊದಲು ಕಂಪ್ಯೂಟರ್ ಡಬ್ಬದ ಪಕ್ಕದ ಬಾಗಿಲು ಕಿತ್ತು ಟೇಬಲ್ ಫ್ಯಾನು ಇಟ್ಟ. ಸದ್ದು ಎರಡು ಬಗೆಯದಾಯಿತು. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿದ. ಮೂರು ವರ್ಷದ ಧೂಳು ಪಂಕ್ಚರ್ ಹುಡುಗನ ಮುಖಕ್ಕೆ ಅಂಟಿತು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಅತಿವೇಗಕ್ಕೆ ತಿರುಗಿ ಬೇರಿಂಗ್ ಹೋಗುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಪಾಠ ಮಾಡಿದ. ಚಿಪ್ಪಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಇರುವ ಕೂದಲೆಳೆ ಸಂದು ತುಂಬಲು ಕಾಳಿನಷ್ಟು ಥರ್ಮಲ್ ಪೇಸ್ಟು ಸಾಕು. ಅಣ್ಣ ಭಕ್ತಿ ತಡೆಯಲಾರದೆ ಮೂರು ಬೆರಳಲ್ಲಿ ವಿಭೂತಿಯಂತೆ ಎಳೆದ.

ಆಮೇಲೆ ಐದು ಹೊಸ ಫ್ಯಾನು ಬಂದವು. ‘ಸದ್ದು ಕಡಿಮಿ ಮಾಡಾಕ ಫ್ಯಾನ್ ಹೆಚ್ಚ ಮಾಡ್ತಾರೇನ್ರೀ?’ ಎಂದು ವೈನಿ ಕೇಳಿದರು. ಇಲ್ಲಿ ಅಣ್ಣ ಹೇಳಿದ್ದು ನಿಜಕ್ಕೂ ಸರಿ. ಓಡುವ ಒಂದು ಫ್ಯಾನಿಗೆ ಅಂಥದೇ ಇನ್ನೊಂದು ಜೊತೆಯಾದರೆ ಸದ್ದು ಏರುವುದು ಮೂರೇ ಡೆಸಿಬಲ್. ವೇಗವನ್ನು ಅರ್ಧಕ್ಕೆ ತಂದರೆ ಇಳಿಯುವುದು ಹದಿನೈದರಷ್ಟು. ‘ಎರಡು ಎತ್ತಿಗೆ ಬಾರಕೋಲು ಬಿಡೋದಕಿಂತ ನಾಕು ಎತ್ತು ಕಟ್ಟಿ ಸಾವಕಾಶ ನಡಸೋದು ಚಲೋ.’ ಅಣ್ಣನ ಸಿದ್ಧಾಂತ ಎಂದೂ ತಪ್ಪುವುದಿಲ್ಲ, ತಪ್ಪುವುದು ಜಾಗ. ತಂಪು ಗಾಳಿ ಎಳೆಯಲೆಂದು ಮಷಿನ್ನನ್ನು ಹಿತ್ತಲ ಕಿಟಕಿಗೆ ಒತ್ತಿ ಇಟ್ಟ. ಕಿಟಕಿಯಾಚೆ ವೈನಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು.

ಬ್ಯಾಡಗಿ ಮೆಣಸಿನಕಾಯಿಯ ಹೆಸರು ಕೆಂಪಿಗೆ, ಖಾರ ಅಷ್ಟಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದೂ ಆ ಗುಣಕ್ಕೇ. ಆದರೆ ಐದು ಫ್ಯಾನು ಎಳೆದು, ಕಾರ್ಡಿನ ಬಿಸಿಯಲ್ಲಿ ಹುರಿದು, ಕೋಣೆಯೊಳಗೆ ಬಿಟ್ಟರೆ ಅದರ ಘಾಟೂ ಕಡಿಮೆಯಲ್ಲ. ಆ ಹೊತ್ತಿಗೆ ಒಂದು ಮದುವೆಯ ಪಾರ್ಟಿ ವಿಡಿಯೊ ನೋಡಲು ಬಂದಿತ್ತು. ಪರದೆಯ ಮೇಲೆ ಹೆಣ್ಣು ಒಪ್ಪಿಸುವ ದೃಶ್ಯ. ಹೆಣ್ಣಿನ ತಂದೆ ಕಣ್ಣೊರೆಸಿದ, ಸೋದರಮಾವ ಮೂಗೆಳೆದ, ಮದುಮಗನ ಕಡೆಯವರೂ ಗಳಗಳ ಅತ್ತರು. ಅಣ್ಣ ನನ್ನ ಕಿವಿಯಲ್ಲಿ, ‘ಎಡಿಟಿಂಗ್ ಅಂದ್ರ ಇದು ನೋಡು’ ಅಂದ. ಅವನ ಕಣ್ಣಲ್ಲೂ ನೀರಿತ್ತು.

ಇಷ್ಟಾದರೂ ಮೇಲಿನ ಕಾರ್ಡು 84 ಡಿಗ್ರಿ ಬಿಟ್ಟು ಇಳಿಯಲಿಲ್ಲ. ಅಷ್ಟು ಕಾದರೆ ಕಾರ್ಡು ತಾನೇ ವೇಗ ತಗ್ಗಿಸಿ ಕುಂಟುತ್ತದೆ. ಕೆಳಗಿನದು ಮಾತ್ರ ಎಂಥ ಕೆಲಸದಲ್ಲೂ 45 ದಾಟುತ್ತಿರಲಿಲ್ಲ. ‘ಭಾಳ ಶಾಣ್ಯಾ ಐತಿ, ಬೆವರೂದ ಇಲ್ಲ’ ಎಂದು ಅದರ ಬೆನ್ನು ಸವರುತ್ತಿದ್ದ. ಅತ್ತ ಕರೆಂಟ್ ಬಿಲ್ಲು ಬಂತು. ತಿಂಗಳಿಗೆ 120 ಯೂನಿಟ್ಟು ಈ ಮಷಿನ್ನೇ ತಿಂದಿತ್ತು. 200 ದಾಟಿದರೆ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಆರುತ್ತದೆ, ಪೂರಾ ಬಿಲ್ಲು ಕಟ್ಟಬೇಕು. ವೈನಿ ಬಿಲ್ಲನ್ನು ಕೀಬೋರ್ಡಿನ ಮೇಲಿಟ್ಟು ಮಾತಾಡದೆ ಒಳಗೆ ಹೋದರು.

ಹಾವೇರಿಯಲ್ಲಿ ಓದುವ ಸೋದರಳಿಯ ರಜೆಗೆ ಬಂದವನು ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ.

‘ಮಾಮಾ, ಕೆಳಗಿಂದು ಸೊನ್ನಿ ತೋರಿಸಾಕ ಹತ್ತೇತಿ.’

‘ಸೊನ್ನಿ ಅಂದ್ರ?’

‘ತಂದಾಗಿಂದ ಒಂದ ದಿನನೂ ದುಡದಿಲ್ಲ.’

ಅಣ್ಣ ಬಳಸುತ್ತಿದ್ದುದು ಡಾವಿಂಚಿ ರಿಸಾಲ್ವ್‌ನ ಬಿಟ್ಟಿ ಆವೃತ್ತಿ. ವಿಂಡೋಸ್‌ನಲ್ಲಿ ಅದು ಹೂಡುವುದು ಒಂದೇ ಕಾರ್ಡನ್ನು. ಜೋಡಿ ಹೂಡಬೇಕಾದರೆ ದುಡ್ಡು ಕೊಟ್ಟು ಸ್ಟುಡಿಯೊ ಆವೃತ್ತಿ ಕೊಳ್ಳಬೇಕು. ಶಾಣ್ಯಾ ಕಾರ್ಡು ಕಚೇರಿಯಲ್ಲಿ ಕಡತ ಮುಟ್ಟದ ಗುಮಾಸ್ತನಂತೆ ತಣ್ಣಗಿತ್ತು, ಅಷ್ಟೇ. ಸುಮ್ಮನಿದ್ದರೂ ಪರವಾಗಿರಲಿಲ್ಲ, ದುಡಿಯುವ ಕಾರ್ಡಿನ ಫ್ಯಾನುಗಳು ಗಾಳಿ ಎಳೆಯುವುದು ಕೆಳಗಿನಿಂದ, ಇದು ಅಲ್ಲೇ ಎರಡು ಬೆರಳ ಸಂದಿನಲ್ಲಿ ಅಡ್ಡ ಮಲಗಿ ಅದರ ಉಸಿರು ಕಟ್ಟಿತ್ತು.

ಹುಡುಗ ಎರಡು ಸ್ಕ್ರೂ ಬಿಚ್ಚಿ ಕೆಳಗಿನದನ್ನು ಹೊರಗೆಳೆದ. ಮೇಲಿನದಕ್ಕೆ ಪವರ್ ಮಿತಿ ಶೇ 70ಕ್ಕೆ ಇಳಿಸಿದ. 250 ವ್ಯಾಟ್ ಇದ್ದದ್ದು 175 ಆಯಿತು, ಕೆಲಸದ ವೇಗ ಮಾತ್ರ ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ. ಹತ್ತು ನಿಮಿಷದ ಕೆಲಸ. ಮಷಿನ್ನು ಗಪ್ಪಾಯಿತು. ಆ ರಾತ್ರಿ ಅಣ್ಣನಿಗೆ ನಿದ್ದೆ ಬರಲಿಲ್ಲ. ಓಡುತ್ತಿದೆಯೋ ಇಲ್ಲವೋ ಎಂದು ಮೂರು ಸಲ ಎದ್ದು ಅಂಗೈ ಇಟ್ಟು ನೋಡಿದ. ಬೆಳಿಗ್ಗೆ ಅಜ್ಜಿಯೂ ಬಂದು ವಿಚಾರಿಸಿದಳು: ‘ಗಿರಣಿ ಬಂದ್ ಆತೇನೋ ತಮ್ಮಾ?’

ಇಳಿಸಿದ ಕಾರ್ಡನ್ನು ಮಾರು ಎಂದೆವು. ‘ಜೋಡಿ ಅಗಲಸಬಾರದು’ ಅಂದ. ಈಗದು ಶೋಕೇಸಿನಲ್ಲಿದೆ. ಬಸ್ ಸ್ಟ್ಯಾಂಡಿನಲ್ಲಿ ಈಗಲೂ ‘ಎರಡು ಅದಾವು’ ಎನ್ನುತ್ತಾನೆ, ಸುಳ್ಳೇನಲ್ಲ.

ಕಾರಹುಣ್ಣಿಮೆಗೆ ಊರವರು ಎತ್ತುಗಳಿಗೆ ಬಣ್ಣ ಬಳಿದು ಪೂಜಿಸುವಾಗ ಅಣ್ಣನೂ ಎರಡಕ್ಕೂ ಕುಂಕುಮ ಹಚ್ಚಿದ. ವೈನಿ ಹೋಳಿಗೆಯ ತುಣುಕನ್ನು ದುಡಿಯುವುದರ ಮುಂದೆ ಮಾತ್ರ ಇಟ್ಟರು. ಆಮೇಲೆ ಊಟಕ್ಕೆ ಕೂತ ಅಣ್ಣನ ತಾಟಿಗೆ ಹೋಳಿಗೆ ಹಾಕುವ ಮೊದಲು, ಕೈಯನ್ನು ಹಾಗೇ ತಡೆದು, ಒಂದು ಗಳಿಗೆ ಅವನ ಮುಖ ನೋಡಿದರು.