ಊರಿಗೆಲ್ಲ ಟೋಪಿ ಹಾಕುವ ಅತ್ತೆ

ನವರಾತ್ರಿಯ ಬೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ ಮರುದಿನದಿಂದಲೇ ಅತ್ತೆಯ ಕೈ ಸುಮ್ಮನಿರುವುದಿಲ್ಲ. ಸಂಜೆಯೊಳಗೆ ಬಂಧುಬಳಗದ ಯಾರದಾದರೂ ಫೋನು ಬಡಿದುಕೊಳ್ಳುತ್ತದೆ. ಊಟ ಆಯಿತೇ ಎಂದಿಲ್ಲ, ಮಕ್ಕಳು ಹೇಗಿದ್ದಾರೆ ಎಂದಿಲ್ಲ. "ನಿನ್ನ ತಲೆ ಸುತ್ತಳತೆ ಎಷ್ಟೋ?" ಮನೆಯಲ್ಲಿ ಟೇಪಿಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ. "ದಾರ ಸುತ್ತಿ ಹಿಡ್ಕೊ, ಆಮೇಲೆ ದಾರಾನ ಸ್ಕೇಲಿನ ಮೇಲೆ ಇಟ್ಟು ನೋಡು" ಎಂಬ ಉಪಾಯ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. 56 ಸೆಂಟಿಮೀಟರ್ ಎಂದು ಒಪ್ಪಿಸಿದಿರೋ, ಕೆಲಸ ಕೆಟ್ಟಿತು. ಡಿಸೆಂಬರಿನಲ್ಲಿ ಆ ತಲೆಗೊಂದು ಟೋಪಿ ಬೀಳುವುದು ಖಾತ್ರಿ.

ಈ ಅತ್ತೆ ಒಬ್ಬರಲ್ಲ. ಜಯನಗರದಲ್ಲಿ ಒಬ್ಬರಿದ್ದಾರೆ, ಮೈಸೂರಿನ ಸರಸ್ವತಿಪುರಂನಲ್ಲಿ ಇನ್ನೊಬ್ಬರು. ಧಾರವಾಡದ ಮಾಳಮಡ್ಡಿಯಲ್ಲೂ ಇದ್ದಾರೆ, ಅಲ್ಲಿ ಅವರು ಮೌಶಿ. ಬ್ಯಾಂಕಿನಿಂದಲೋ ಹೈಸ್ಕೂಲಿನಿಂದಲೋ ನಿವೃತ್ತರು. ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ತಲೆಯ ಮೇಲೆ. ಎಡಗೈಯ ತೋರುಬೆರಳಿಗೆ ಸದಾ ಉಲ್ಲನ್ ಎಳೆ. ಬಲಗೈಯ ಕ್ರೋಶಾ ಕಡ್ಡಿ ಕೆಳಗಿಳಿಯುವುದು ಕುಕ್ಕರ್ ಕೂಗಿದಾಗ ಮಾತ್ರ, ಅದೂ ಮೂರನೆಯ ಸಲ ಕೂಗಿದ ಮೇಲೆ.

ಇವರ ಹರೆಯದಲ್ಲಿ ಮನೆಯಲ್ಲಿ ಬರಿಮೈಯಲ್ಲಿದ್ದ ಸಾಮಾನೇ ಇರಲಿಲ್ಲ. ರೇಡಿಯೋಗೆ ಹೊದಿಕೆ, ಟೆಲಿಫೋನಿಗೆ ಹೊದಿಕೆ, ಫ್ರಿಜ್ಜಿನ ನೆತ್ತಿಗೆ ಒಂದು, ಅದರ ಹಿಡಿಕೆಗೂ ಒಂದು. ಹಾಲಿನ ಪಾತ್ರೆಗೆ ಸುತ್ತಲೂ ಮಣಿ ಪೋಣಿಸಿದ ಜಾಲರಿ ಮುಚ್ಚಳ. ಟೀವಿ ಬಂದಾಗ ಅದಕ್ಕೆ ಅನಾನಸ್ ಡಿಸೈನಿನ ದೊಡ್ಡ ಬಟ್ಟೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಗುಲಾಬಿ ಇಟ್ಟದ್ದಾಯಿತು. ಆಮೇಲೆ ಟೀವಿ ಚಪ್ಪಟೆಯಾಗಿ ಗೋಡೆ ಹತ್ತಿತು. ಟೆಲಿಫೋನು ಜೇಬು ಸೇರಿತು. ಹೊದಿಸಲು ಮನೆಯಲ್ಲಿ ಮನುಷ್ಯರ ತಲೆಯೊಂದು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಚಳಿ ಇದೆಯೇ ಎಂದು ಕೇಳಬಾರದು. ಬೆಂಗಳೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ದಾಖಲೆಯಲ್ಲಿರುವಂತೆ ಈ ಊರು ಕಂಡ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿ 13ರಂದು. ಅತ್ತೆ ಆ ಒಂದು ದಿನಕ್ಕೆ ಇನ್ನೂ ತಯಾರಿ ನಡೆಸಿದ್ದಾರೆ. ಬೀದರಿನಲ್ಲಿ, ವಿಜಯಪುರದಲ್ಲಿ ಕೆಲವು ವರ್ಷ ಪಾದರಸ ನಿಜವಾಗಿಯೂ ಒಂದಂಕಿಗೆ ಇಳಿಯುತ್ತದೆ. ಅಲ್ಲಿಯ ಜನ ಕಂಬಳಿ ಹೊದ್ದು ಸುಮ್ಮನೆ ಮಲಗುತ್ತಾರೆ. ಟೋಪಿಯ ಗದ್ದಲವೆಲ್ಲ ಡಿಸೆಂಬರಿನಲ್ಲೂ ಫ್ಯಾನ್ ಹಾಕಿಕೊಳ್ಳುವ ಊರುಗಳಲ್ಲೇ.

ಚಳಿ ಒಳಗೆ ನುಗ್ಗುವ ದಾರಿಯ ಬಗ್ಗೆ ಅತ್ತೆಗೆ ಖಚಿತ ಅಭಿಪ್ರಾಯವಿದೆ. ಮೊದಲು ಕಿವಿ, ಆಮೇಲೆ ನೆತ್ತಿ, ಕೊನೆಗೆ ಕತ್ತು. ಎಂಜಿನಿಯರ್ ಸೋದರಳಿಯನೊಬ್ಬ ಒಮ್ಮೆ ವಾದಕ್ಕೆ ಇಳಿದ. ದೇಹದ ಶಾಖವೆಲ್ಲ ತಲೆಯಿಂದಲೇ ಸೋರಿಹೋಗುತ್ತದೆ ಎಂಬುದು ಬರೀ ನಂಬಿಕೆ, 2008ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಇಬ್ಬರು ವೈದ್ಯರು ಇದನ್ನು ಅಲ್ಲಗಳೆದಿದ್ದಾರೆ, ತಲೆ ಇಡೀ ಮೈಯ ಹತ್ತನೆಯ ಒಂದು ಪಾಲು, ಅದರಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ ಎಂದ. ಅತ್ತೆ ಕಡ್ಡಿ ನಿಲ್ಲಿಸದೆ ಕೇಳಿಸಿಕೊಂಡರು. "ಹತ್ತು ಪರ್ಸೆಂಟು ಅಂದ್ರೆ ಕಡಿಮೆನೇನೋ? ಎಫ್‌ಡಿಗೆ ಯಾವ ಬ್ಯಾಂಕು ಕೊಡುತ್ತೆ ಹೇಳು, ಇವತ್ತೇ ಹಾಕ್ತೀನಿ." ಆ ವರ್ಷ ಅವನಿಗೆ ಎರಡು ಟೋಪಿ ಬಂದವು.

ಸಾಮಗ್ರಿ ಖರೀದಿ ಚಿಕ್ಕಪೇಟೆಯಲ್ಲಿ. ಅಂಗಡಿಯ ಹುಡುಗ ಉಂಡೆಗಳನ್ನು ಕೆಳಗಿಳಿಸುತ್ತಾನೆ, ಅತ್ತೆ ಒಂದೊಂದನ್ನೂ ಕೆನ್ನೆಗೆ ಉಜ್ಜಿ ನೋಡುತ್ತಾರೆ. ಇಬ್ಬರೂ ಅದನ್ನು ಉಲ್ಲನ್ ಎಂದೇ ಕರೆಯುತ್ತಾರೆ. ಅದರಲ್ಲಿ ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ, ಅದರ ಮೂಲ ಪೆಟ್ರೋಲಿಯಂ. ಅಪ್ಪಟ ಕುರಿಯ ಉಣ್ಣೆಯೇ ಬೇಕೆಂದರೆ ಚಳ್ಳಕೆರೆಯ ಕಂಬಳಿ ಇದೆ, ಆದರೆ ಆ ನೂಲಿನಲ್ಲಿ ಮೊಮ್ಮಗುವಿಗೆ ಕುಲಾವಿ ಹಾಕಿದರೆ ಮಗು ಚಳಿಗಲ್ಲ, ಚುಚ್ಚುವುದಕ್ಕೇ ಅಳುತ್ತದೆ. ಅಕ್ರಿಲಿಕ್ ಮೆತ್ತಗಿದೆ, ಅಗ್ಗ, ವಾಷಿಂಗ್ ಮೆಷಿನ್ನಿಗೆ ಹೆದರುವುದಿಲ್ಲ. ಮೇಲಾಗಿ ಹುಳು ಹೊಡೆಯುವುದಿಲ್ಲ. ಹಾಗಾಗಿ ಅತ್ತೆಯ ಮಫ್ಲರಿಗೆ ಸಾವೆಂಬುದಿಲ್ಲ.

ಉಂಡೆಯ ಮೇಲಿನ ಚೀಟಿಯಲ್ಲಿ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್ ಎಂದೊಂದು ಇರುತ್ತದೆ. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ನೂಲು ಕೂದಲೆಳೆಯಷ್ಟು ಬೇರೆಯಾಗಿ ಕಾಣುತ್ತದೆ. ಆದ್ದರಿಂದ ಬೇಕಾದಷ್ಟನ್ನೂ ಒಂದೇ ಲಾಟಿನಲ್ಲಿ ಕೊಳ್ಳಬೇಕು. ಅತ್ತೆಗೆ ಇದು ಚೆನ್ನಾಗಿ ಗೊತ್ತು, ನಾಲ್ಕು ಜನಕ್ಕೆ ಹೇಳಿಕೊಟ್ಟೂ ಇದ್ದಾರೆ. ಆದರೆ ಲೆಕ್ಕಕ್ಕಿಂತ ಒಂದು ಉಂಡೆ ಕಡಿಮೆ ತರುವುದು ಅವರ ವ್ರತ. ಅವರ ಮಫ್ಲರುಗಳೆಲ್ಲ ಕೊನೆಯ ಒಂದು ಗೇಣು ಬೇರೆ ಬಣ್ಣದಲ್ಲಿರುವುದು ಇದರಿಂದಲೇ. "ಅದು ಡಿಸೈನು" ಎನ್ನುತ್ತಾರೆ.

ಲಡಿಯಲ್ಲಿ ಬಂದ ನೂಲನ್ನು ಉಂಡೆ ಸುತ್ತುವಾಗ ಮಾವನಿಗೂ ಒಂದು ಪಾತ್ರವಿದೆ. ಎರಡೂ ಕೈ ಮುಂದೆ ಚಾಚಿ, ಲಡಿ ತೊಡಿಸಿಕೊಂಡು, ಅರ್ಧ ಗಂಟೆ ಅಲ್ಲಾಡದೆ ಕೂರುವುದು. ಕ್ರಿಕೆಟ್ ಸ್ಕೋರು ನೋಡುವಂತಿಲ್ಲ, ಮೂಗು ಕೆರೆದುಕೊಳ್ಳುವಂತಿಲ್ಲ.

ಇನ್ನು ಕಸುಬಿನ ಮಾತು. ಟೋಪಿ ಹಾಕುವುದು ಸುಮ್ಮನೆ ಅಲ್ಲ, ಅದರಲ್ಲಿ ಗಣಿತವಿದೆ. ನೆತ್ತಿಯಲ್ಲಿ 6 ಕುಣಿಕೆಯಿಂದ ಶುರು. ಎರಡನೆಯ ಸುತ್ತಿಗೆ 12, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 24. ಹೀಗೆ ಸಿಂಗಲ್ ಕುಣಿಕೆಯಲ್ಲಿ ಸುತ್ತಿಗೆ ಆರಾರು ಏರಿಸುತ್ತ ಹೋದರೆ ಚಪ್ಪಟೆ ಬಿಲ್ಲೆ ಬರುತ್ತದೆ. 56 ಸೆಂಟಿಮೀಟರ್ ತಲೆಯಾದರೆ, ಅದನ್ನು 3.14ರಿಂದ ಭಾಗಿಸಿ, ಬಿಲ್ಲೆ ಸುಮಾರು 18 ಸೆಂಟಿಮೀಟರ್ ಅಗಲವಾದಾಗ ಏರಿಸುವುದನ್ನು ನಿಲ್ಲಿಸಬೇಕು. ಅಲ್ಲಿಂದ ಅಂಚು ತಾನಾಗಿ ಕೆಳಗಿಳಿದು ಟೋಪಿಯಾಗುತ್ತದೆ. ಏರಿಕೆ ಕಡಿಮೆಯಾದರೆ ಟೋಪಿ ಸರ್ಕಸ್ಸಿನ ಬಫೂನನ ತಲೆಗೇ ಸರಿ. ಹೆಚ್ಚಾದರೆ ಅಂಚೆಲ್ಲ ಕೋಳಿಜುಟ್ಟಿನ ಹೂವಿನಂತೆ ಸುಕ್ಕು ಸುಕ್ಕಾಗಿ ಅರಳಿಕೊಳ್ಳುತ್ತದೆ.

ಅತ್ತೆಯ ಏರಿಕೆ ಯಾವಾಗಲೂ ಹೆಚ್ಚೇ. ಧಾರಾವಾಹಿಯಲ್ಲಿ ಯಾರಾದರೂ ಅತ್ತರೆ ಆ ಸುತ್ತಿಗೆ ಮೂರು ಕುಣಿಕೆ ಜಾಸ್ತಿ ಬೀಳುತ್ತವೆ. ಆದರೆ ನಗುವ ಮುನ್ನ ಒಂದು ಸಂಗತಿ ತಿಳಿದಿರಲಿ. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದೇ ಸುಕ್ಕುಬಟ್ಟೆಯನ್ನು ಬೇಕೆಂದೇ ಹಾಕಿದರು. ಹೈಪರ್ಬಾಲಿಕ್ ಜ್ಯಾಮಿತಿ ಎಂಬ, ಸಮಾಂತರ ರೇಖೆಗಳ ಬಗ್ಗೆ ಯೂಕ್ಲಿಡ್ ಹೇಳಿದ್ದು ನಡೆಯದ ಲೋಕವನ್ನು ಕೈಯಲ್ಲಿ ಹಿಡಿದು ತೋರಿಸಲು ಅದುವರೆಗೆ ಇದ್ದದ್ದು ಹರಿದುಹೋಗುವ ಕಾಗದದ ಮಾದರಿಗಳು. ಟೈಮಿನಾ ಪ್ರತಿ ಸಾಲಿಗೂ ಒಂದೇ ಪ್ರಮಾಣದಲ್ಲಿ ಕುಣಿಕೆ ಏರಿಸುತ್ತ ಹೋಗಿ ಮಡಚಿದರೂ ಎಳೆದರೂ ಕೆಡದ ಮಾದರಿ ಮಾಡಿದರು. ಇದನ್ನು ಅತ್ತೆಗೆ ಯಾರು ಹೇಳಿದರೋ. "ನಂದು ಟೋಪಿ ಅಲ್ಲ ಕಣೇ, ಜ್ಯಾಮಿತಿ" ಎಂದು ಸೊಸೆಗೆ ಹೇಳುವುದನ್ನು ಅವರು ಕಲಿತುಬಿಟ್ಟಿದ್ದಾರೆ.

ಮಫ್ಲರು ಸುಲಭ ಎನ್ನುತ್ತಾರೆ, ಹೋಗುವುದು ಬರುವುದು ಅಷ್ಟೇ ತಾನೇ ಎಂದು. ಪ್ರತಿ ಸಾಲಿನ ಕೊನೆಯ ಕುಣಿಕೆ ಮರೆತರೆ ಒಂಬತ್ತು ಇಂಚಿಗೆ ಹೊರಟ ಮಫ್ಲರು ಆರಡಿ ಮುಟ್ಟುವಷ್ಟರಲ್ಲಿ ಟೈ ಆಗಿರುತ್ತದೆ. ಇನ್ನೊಂದು ತೊಡಕು: ಅಮೆರಿಕದವರು ಸಿಂಗಲ್ ಎನ್ನುವ ಕುಣಿಕೆಯನ್ನೇ ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ. ಹಳೆಯ ಬ್ರಿಟಿಷ್ ಪುಸ್ತಕ ತೊಡೆಯ ಮೇಲೆ, ಅಮೆರಿಕದ ಯೂಟ್ಯೂಬು ಕಣ್ಣೆದುರು ಇಟ್ಟುಕೊಂಡು ಅತ್ತೆ ಹಾಕಿದ ಟೋಪಿ ಕೊನೆಗೆ ಬೀದಿಯ ಪೆಂಡಾಲಿನ ಗಣಪತಿಗೆ ಅಚ್ಚುಕಟ್ಟಾಗಿ ಕೂತಿತು.

"ಇಷ್ಟು ಚೆನ್ನಾಗಿ ಹಾಕ್ತೀರಿ, ಇನ್‌ಸ್ಟಾಗ್ರಾಂನಲ್ಲಿ ಮಾರಬಾರದಾ ಆಂಟಿ?" ಎಂದು ಎದುರುಮನೆಯ ಹುಡುಗಿ ಪ್ರತಿ ವರ್ಷ ಕೇಳುತ್ತಾಳೆ. ಅತ್ತೆ ನಕ್ಕು ಅವಳಿಗೂ ಒಂದು ಕೊಟ್ಟು, ಕಾಫಿ ಕುಡಿಸಿ ಕಳಿಸುತ್ತಾರೆ. ಮಾವ ಪೇಪರಿನ ಹಿಂದಿನಿಂದ "ಅವಳದು ಟೈಂಪಾಸು" ಎನ್ನುತ್ತಾರೆ. ಈ ಟೈಂಪಾಸಿಗೆ ದೊಡ್ಡ ಚರಿತ್ರೆಯೇ ಇದೆ. ಗೋದಾವರಿ ಸೀಮೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಅಲ್ಲಿಯ ಹೆಂಗಸರ ಬಗ್ಗೆ ಬರೆದ ಪುಸ್ತಕ 1982ರಲ್ಲಿ ಹೊರಬಂತು. ಸಾವಿರಾರು ಹೆಂಗಸರು ಪರದೇಶದ ಮಾರುಕಟ್ಟೆಗಾಗಿ ದುಡಿಯುತ್ತಿದ್ದರೂ ಅವರನ್ನು ದುಡಿಯುವವರೆಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಮನೆಯಾಕೆ ಬಿಡುವಿನಲ್ಲಿ ಮಾಡಿಕೊಳ್ಳುವ ಕೈಕೆಲಸ ಎಂದು ಅತಿ ಕಡಿಮೆ ಕೂಲಿ ಕೊಡುತ್ತಿದ್ದರು ಎಂಬುದು ಅದರ ಸಾರ. ಸ್ವೆಟರು ಹೆಣೆಯಲು ಯಂತ್ರ ಎಂದೋ ಬಂತು. ಕ್ರೋಶಾವನ್ನು ಕೈ ಮಾಡಿದಂತೆಯೇ ಮಾಡುವ ಕಾರ್ಖಾನೆ ಯಂತ್ರ ಮಾತ್ರ ಇನ್ನೂ ಬಂದಿಲ್ಲ. ಮಾಲಿನಲ್ಲಿ ನೇತಾಡುವ ಅಗ್ಗದ ಕ್ರೋಶಾ ಟೋಪಿಯನ್ನೂ ಎಲ್ಲೋ ಕೂತ ಯಾರೋ ಕೈಯಲ್ಲೇ ಹಾಕಿರುತ್ತಾರೆ. ಅಷ್ಟು ಕಡಿಮೆ ಬೆಲೆ ಹೇಗೆ ಗಿಟ್ಟಿತು ಎಂದು ಒಂದು ಸಲ ಕೇಳಿಕೊಳ್ಳುವುದು ಒಳ್ಳೆಯದು.

ಅತ್ತೆಯ ಆದರ್ಶ ಒಬ್ಬ ರಾಣಿ. ಎಂಬತ್ತರ ಹರೆಯದ ವಿಕ್ಟೋರಿಯಾ 1900ರಲ್ಲಿ, ದಕ್ಷಿಣ ಆಫ್ರಿಕಾದ ಯುದ್ಧದಲ್ಲಿದ್ದ ಸೈನಿಕರಿಗೆ ತಾನೇ ಕ್ರೋಶಾ ಹಾಕಿ ಎಂಟು ಖಾಕಿ ಸ್ಕಾರ್ಫು ಕಳಿಸಿದ್ದಳು. ಒಂದೊಂದರಲ್ಲೂ ಅವಳ ಹೆಸರಿನ ಮೊದಲಕ್ಷರಗಳಿದ್ದವು. ಸಾಮ್ರಾಜ್ಯಕ್ಕೆಲ್ಲ ಎಂಟು! ಅತ್ತೆ ಅಷ್ಟನ್ನು ಕಾರ್ತಿಕ ಮುಗಿಯುವುದರೊಳಗೆ ದಾಟುತ್ತಾರೆ. ಕೆನಡಾದ ಸೈನಿಕನಿಗೆ ಸಿಕ್ಕ ಸ್ಕಾರ್ಫು ಅಲ್ಲಿಯ ವಸ್ತುಸಂಗ್ರಹಾಲಯ ಸೇರಿತು. ಅತ್ತೆಯವೂ ಹಾಗೆಯೇ ಭದ್ರವಾಗಿವೆ, ನೆಂಟರ ಗೋದ್ರೇಜ್ ಬೀರುಗಳಲ್ಲಿ, ನುಸಿಗುಳಿಗೆಯ ಸಮೇತ.

2016ರ ಜನವರಿಯಲ್ಲಿ ಚೆನ್ನೈನ ಸುಭಶ್ರೀ ನಟರಾಜನ್ ಕಟ್ಟಿದ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಬಳಗ 11,148.5 ಚದರ ಮೀಟರಿನ ಕ್ರೋಶಾ ಕಂಬಳಿ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಎಕರೆ. ಸುದ್ದಿಯನ್ನು ಅತ್ತೆ ಗಟ್ಟಿಯಾಗಿ ಓದಿ ಹೇಳಿದಾಗ ಮಾವ ಪೇಪರು ಕೆಳಗಿಟ್ಟರು. "ಊರಲ್ಲಿ ನಮ್ಮಪ್ಪನ ಜಮೀನೇ ಅಷ್ಟಿರಲಿಲ್ಲ."

ಹಂಚುವ ದಿನ ತಪ್ಪಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಟಿಬೆಟಿಯನ್ನರ ಅಂಗಡಿಯಲ್ಲಿ ಒಳ್ಳೆಯ ಸ್ವೆಟರ್ ತಂದಿದ್ದೇನೆ ಎಂದವನಿಗೆ "ಅದು ಲೂಧಿಯಾನದ ಮಷೀನು ಹಾಕಿದ್ದು, ಮಷೀನಿಗೆ ನಿನ್ನ ಹೆಸರು ಗೊತ್ತಾ?" ಎಂಬ ಉತ್ತರ. ಹೊಸ ಅಳಿಯನಿಗೆ ಕಿತ್ತಳೆ ಬಣ್ಣದ ಮಂಕಿ ಕ್ಯಾಪು, ತುದಿಯಲ್ಲಿ ಗೊಂಡೆ. ಅವನು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾನೆ, ಕಾರು ತಿರುವು ದಾಟುವವರೆಗೆ ತೆಗೆಯುವುದಿಲ್ಲ. ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯುರಿಟಿಯವನು ಮಾತ್ರ ಕೊಟ್ಟದ್ದನ್ನು ಶಿವರಾತ್ರಿಯವರೆಗೂ ದಿನಾ ಹಾಕುತ್ತಾನೆ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬೆಳಗಿನ ನಾಲ್ಕು ಗಂಟೆ ನೋಡುವವನಿಗೆ 15 ಡಿಗ್ರಿಯೂ ಚಳಿಯೇ. ಅತ್ತೆಯ ಲೆಕ್ಕವೆಲ್ಲ ಸರಿಹೋಗುವ ತಲೆ ಅದೊಂದೇ.

ಮಗಳು ಇರುವುದು ಮಿನಿಯಾಪೊಲಿಸ್‌ನಲ್ಲಿ. ಜನವರಿ ರಾತ್ರಿಗಳಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಮಾಮೂಲು. ಕೊನೆಗೂ ತಕ್ಕ ಊರು ಸಿಕ್ಕಿತು ಎಂದು ಅತ್ತೆ ಸೂಟ್‌ಕೇಸು ತುಂಬಿಸಿದರು. ಅಮೆರಿಕದ ವಿಮಾನಗಳಲ್ಲಿ ಕ್ರೋಶಾ ಕಡ್ಡಿ ಕೈಚೀಲದಲ್ಲೇ ಒಯ್ಯಬಹುದು ಎಂಬುದನ್ನೂ ವಿಚಾರಿಸಿಕೊಂಡಿದ್ದರು. ಹೋಗಿ ನೋಡಿದರೆ ಮನೆಯಲ್ಲಿ ಹೀಟರು, ಕಾರಿನಲ್ಲಿ ಹೀಟರು, ಮಾಲಿನಲ್ಲಿ ಹೀಟರು. ನಡುವೆ ಹೊರಗೆ ಕಾಲಿಟ್ಟರೆ ಬೀಸುವ ಗಾಳಿ ಕ್ರೋಶಾದ ತೂತುಗಳಲ್ಲಿ ಆರಾಮಾಗಿ ಓಡಾಡುತ್ತದೆ. ಮೊಮ್ಮಗಳು ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಎಂಟು ಕಾಲು ಹಾಕಿ ಆಕ್ಟೋಪಸ್ ಮಾಡಿಕೊಡಜ್ಜಿ ಎಂದಳು. ಅತ್ತೆ ಆರು ತಿಂಗಳು ಆಕ್ಟೋಪಸ್ಸುಗಳನ್ನೇ ಹಾಕಿದರು. ಶಾಲೆಯ ಅರ್ಧ ಕ್ಲಾಸಿಗೆ ಒಂದೊಂದು ಹೋಯಿತು.

ಈ ವರ್ಷದ ಪೊಟ್ಟಣ ನಿಮಗೂ ಬಂದಿದ್ದರೆ ಹೀಗೆ ಮಾಡಿ. ತಣ್ಣೀರಿನಲ್ಲಿ ಒಗೆಯಿರಿ, ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ, ಚಾಪೆಯ ಮೇಲೆ ಹಾಸಿ ನೆರಳಲ್ಲಿ ಒಣಗಿಸಿ. ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ, ಅಕ್ರಿಲಿಕ್ ಕರಗುತ್ತದೆ. ಬಣ್ಣ ಇಷ್ಟವಾಗದಿದ್ದರೆ ಮುಂದಿನ ನವರಾತ್ರಿಗೆ ಮೊದಲೇ ನೀವೇ ಫೋನು ಮಾಡಿ ಬೇಕಾದ ಬಣ್ಣ ಹೇಳಿಬಿಡಿ. ತಲೆಯ ಅಳತೆ ಅವರ ಡೈರಿಯಲ್ಲಿದೆ.